ಅಕ್ಕನ ಮಿಠಾಯಿ ಕೂಗಿದ ಮಧ್ಯಾಹ್ನ

ನಾನು ಮತ್ತು ನನ್ನ ಓರಗಿತ್ತಿ ಮೂರು ವರ್ಷ ಎರಡು ತಿಂಗಳು ಒಂದೇ ಅಡುಗೆಮನೆಯಲ್ಲಿ ಮಾತಿಲ್ಲದೆ ಬೇಯಿಸಿದೆವು. ಕೇಳಿದವರು ನಗುತ್ತಾರೆ. ನಗಲಿ. ಮೊಣಕೈಗೆ ಮೊಣಕೈ ತಾಗುವಷ್ಟು ಇಕ್ಕಟ್ಟಿನ ಜಾಗದಲ್ಲಿ ಒಬ್ಬರ ಮುಖ ಒಬ್ಬರು ನೋಡದೆ ಎರಡು ಹೊತ್ತು ಅಡುಗೆ ಮಾಡುವುದೇನೂ ಸುಲಭವಲ್ಲ, ಅದಕ್ಕೂ ಅಭ್ಯಾಸ ಬೇಕು. ಎಡಗಡೆಯ ಶೆಲ್ಫು ಅವಳದು, ಬಲಗಡೆಯದು ನನ್ನದು. ನೀಲಿ ಅಂಚಿನ ಒರೆಸುವ ಬಟ್ಟೆ ಅವಳದು, ಹಸಿರು ಅಂಚಿನದು ನನ್ನದು. ಮೈಕ್ರೋವೇವ್ ಮಾತ್ರ ಒಂದೇ ಇತ್ತು. ಹಾಗಾಗಿ ಅದಕ್ಕೊಂದು ಕಾನೂನು ಹುಟ್ಟಿಕೊಂಡಿತು. ಒಳಗೆ ಯಾರ ಪಾತ್ರೆ ಇದೆಯೋ ಬಾಗಿಲು ಅವರೇ ತೆಗೆಯಬೇಕು. ಅದು ಎಷ್ಟೇ ಬಾಯಿ ಬಡಿದುಕೊಳ್ಳಲಿ, ಇನ್ನೊಬ್ಬರು ಮುಟ್ಟಕೂಡದು.

ಬಾಯಿ ಬಡಿದುಕೊಳ್ಳುವುದು ಅದರ ಹುಟ್ಟುಗುಣ. ಹೊತ್ತು ಮುಗಿದ ಕೂಡಲೇ ಮೂರು ಸಲ ಕೂಗುತ್ತದೆ. ಆಮೇಲೆ ಯಾರಾದರೂ ಬಾಗಿಲು ತೆಗೆಯುವ ತನಕ ನಿಮಿಷಕ್ಕೊಂದು ಸಲ ‘ಪೀಂ’ ಅನ್ನುತ್ತದೆ. ನೀರು ಕಾಯಿಸಲು ಇಟ್ಟು ಮರೆತರೂ ಬಿಡುವುದಿಲ್ಲ.

ಜಗಳ ಶುರುವಾದದ್ದು ಬೀಜದ ಮಿಠಾಯಿಯಿಂದ. ಅಕ್ಕನ (ಓರಗಿತ್ತಿಯನ್ನು ನಾನು ಹಾಗೇ ಕರೆಯುತ್ತಿದ್ದೆ, ನೀನು ಎಂದೇ ಮಾತು) ಮಿಠಾಯಿ ಎಂದರೆ ನೆಂಟರಿಷ್ಟರಲ್ಲೆಲ್ಲ ಹೆಸರು. ಮೈಕ್ರೋವೇವಿನಲ್ಲಿ ಮಾಡುವುದು ತೀರ ಸುಲಭ. ದಪ್ಪ ಗಾಜಿನ ಬಟ್ಟಲಿಗೆ ಸಕ್ಕರೆ, ಅದರ ಅರ್ಧದಷ್ಟು ಗಟ್ಟಿ ಜೋಳದ ಸಿರಪ್ಪು, ಚಿಟಿಕೆ ಉಪ್ಪು, ಮೇಲೆ ಹಸಿ ಕಡಲೆಬೀಜ, ಗೋಡಂಬಿ ಚೂರು. ಪಾಕ ಕೆಂಪಗಾದಾಗ ಬೆಣ್ಣೆ, ಕೊನೆಗೆ ಅರ್ಧ ಚಮಚ ಅಡುಗೆ ಸೋಡಾ. ಸೋಡಾ ಬಿದ್ದ ಕೂಡಲೇ ಹಾಲು ಉಕ್ಕುವ ಹಾಗೆ ನೊರೆಯೇಳುತ್ತದೆ, ಆಗ ತಟ್ಟೆಗೆ ಸುರಿದು ಆರಲು ಬಿಟ್ಟು ಮುರಿದರೆ ಆಯಿತು. ಉಳಿದವರೆಲ್ಲ ಪೂರ್ತಿ ಉರಿಯಲ್ಲಿ ನಾಲ್ಕು ನಿಮಿಷ ಇಟ್ಟು ತಿರುವುತ್ತಾರೆ. ಅಕ್ಕ ಮಾತ್ರ ಉರಿಯನ್ನು ಅರ್ಧಕ್ಕೆ ಇಳಿಸಿ ಮೊದಲ ಸುತ್ತು ಹನ್ನೆರಡು ನಿಮಿಷ ಇಡುತ್ತಿದ್ದಳು. ಆ ಹನ್ನೆರಡು ನಿಮಿಷ ಯಾರೂ ಬಾಗಿಲು ತೆಗೆಯಬಾರದು, ಚಮಚ ಹಾಕಬಾರದು. ಅಷ್ಟೇ ಅವಳ ಗುಟ್ಟು.

ಒಂದು ದಿನ ಮನೆತುಂಬ ಜನ. ಬಟ್ಟಲಿನ ಅಂಚಿನಲ್ಲಿ ಪಾಕ ಕಂದುತ್ತಿದ್ದದ್ದು ಕಂಡು, ಹೊತ್ತಿಹೋದೀತು ಎಂದು ನಾನು ಬಾಗಿಲು ತೆಗೆದು ತಿರುವಿಬಿಟ್ಟೆ. ಒಳ್ಳೆಯದು ಮಾಡಲು ಹೋದೆ. ಸಕ್ಕರೆ ಮತ್ತೆ ಹರಳುಗಟ್ಟಿ ಇಡೀ ಬಟ್ಟಲು ಮರಳಿನ ಹಾಗೆ ಪುಡಿಪುಡಿಯಾಯಿತು. ಅಕ್ಕ ಬಂದವರೆಲ್ಲರ ಮುಂದೆ, "ಇವಳ ಕೈಗೆ ಬಂದದ್ದು ಯಾವ್ದೂ ಉಳಿಯಲ್ಲ ಬಿಡಿ" ಎಂದಳು.

ಅದಕ್ಕೆ ಐದು ತಿಂಗಳ ಹಿಂದೆ ನನ್ನ ಹೊಟ್ಟೆಯಲ್ಲಿದ್ದದ್ದು ಎರಡನೆಯ ಸಲ ಹೋಗಿತ್ತು. ಅಕ್ಕ ಅದನ್ನು ನೆನೆದು ಹೇಳಿರಲಿಕ್ಕಿಲ್ಲ. ಆದರೆ ಬಾಯಿಂದ ಮಾತು ಹೊರಬಿದ್ದ ಮೇಲೆ ಅವಳ ಮುಖ ಕಪ್ಪಿಟ್ಟಿತು, ಅಂದರೆ ಅವಳಿಗೂ ಹೊಳೆಯಿತು. ತಪ್ಪಾಯಿತು ಎಂದು ಒಂದು ಮಾತು ಅಂದಿದ್ದರೆ ಸಾಕಿತ್ತು. ಅವಳು ಅನ್ನಲಿಲ್ಲ. ನಾನೂ ಮಾರನೆಯ ದಿನದಿಂದ ಬಾಯಿಗೆ ಬೀಗ ಹಾಕಿಕೊಂಡೆ.

ನಮ್ಮಿಬ್ಬರ ನಡುವೆ ಅಂಚೆ ಒಯ್ಯುತ್ತಿದ್ದವಳು ಅಕ್ಕನ ಮಗಳು. ಚಿಕ್ಕಂದಿನಲ್ಲಿ ಬೀಜಗಳನ್ನು ಎರಡೂ ಕೆನ್ನೆಯಲ್ಲಿ ತುಂಬಿಕೊಂಡು ಓಡಾಡುತ್ತಿದ್ದಳೆಂದು ಅವಳಿಗೆ ಅಳಿಲು ಎಂದು ಹೆಸರು ಬಿದ್ದಿತ್ತು. "ಅಮ್ಮ, ಉಪ್ಪು ಮುಗಿದಿದೆ ಅಂತ ಚಿಕ್ಕಮ್ಮ ಹೇಳ್ತಿದ್ದಾಳೆ" ಎಂದು ಅಡುಗೆಮನೆಯ ಈ ಮೂಲೆಯಿಂದ ಆ ಮೂಲೆಗೆ ಕೂಗುವಳು. "ಕೇಳಿಸ್ತು ಅಂತ ಹೇಳು" ಎನ್ನುವಳು ಅಕ್ಕ. ನಾನು ಹಲ್ಲಿನ ಲ್ಯಾಬಿನಲ್ಲಿ ಕಟ್ಟುಹಲ್ಲು ಮಾಡುವವಳು. ಭಾವನವರು, ಅಂದರೆ ಅಕ್ಕನ ಗಂಡ, ಇದನ್ನೇ ಹಿಡಿದು ನಗಿಸಲು ನೋಡುತ್ತಿದ್ದರು. "ಒಬ್ಬಳು ಮಿಠಾಯಿ ಕೊಟ್ಟು ಹಲ್ಲು ಮುರೀತಾಳೆ, ಇನ್ನೊಬ್ಬಳು ಹಲ್ಲು ಕಟ್ಟಿಕೊಡ್ತಾಳೆ. ಇಷ್ಟು ಚೆನ್ನಾಗಿ ಕೂಡಿ ವ್ಯಾಪಾರ ಮಾಡೋರು ಮಾತಾಡಲ್ಲ ಅಂದ್ರೆ ಯಾರು ನಂಬ್ತಾರೆ?" ಅವರೊಬ್ಬರೇ ನಗುತ್ತಿದ್ದರು. ನಮ್ಮವರು ಹಡಗಿನ ಕೆಲಸದಲ್ಲಿ ವರ್ಷಕ್ಕೆ ಎಂಟು ತಿಂಗಳು ನೀರಿನ ಮೇಲಿರುವವರು, ಅವರಿಗೆ ಈ ಯಾವ ತಂಟೆಯೂ ಇಲ್ಲ.

ಆ ದಿನದ ಮಾತಿಗೆ ಬರುತ್ತೇನೆ. ಮಧ್ಯಾಹ್ನ ನಾಲ್ಕರ ಸುಮಾರು. ಅಳಿಲು ಮಹಡಿಯ ಕೋಣೆಯಲ್ಲಿ ಓದುತ್ತಿದ್ದಳು. ನಾನು ಅಡುಗೆಮನೆಗೆ ಅಂಟಿಕೊಂಡ ನನ್ನ ಕೋಣೆಯಲ್ಲಿ ಬಾಗಿಲು ಮುಚ್ಚಿಕೊಂಡು, ಲ್ಯಾಬಿನಿಂದ ತಂದ ಮೇಣದ ದವಡೆಯಲ್ಲಿ ಹಲ್ಲು ಕೂರಿಸುತ್ತಿದ್ದೆ. ಗೋಡೆಯಾಚೆ ಗಾಜಿನ ಬಟ್ಟಲು ಇಟ್ಟ ಸದ್ದು, ಗುಂಡಿ ಒತ್ತಿದ ಸದ್ದು, ಆಮೇಲೆ ಹನ್ನೆರಡು ನಿಮಿಷದ ಗುಂಯ್ ಎನ್ನುವ ಸದ್ದು. ನಡುವೆ ಏನಾದರೂ ಬಿದ್ದ ಶಬ್ದ ಕೇಳಿತೇ ಎಂದರೆ ಇವತ್ತಿಗೂ ಆಣೆ ಮಾಡಿ ಹೇಳಲಾರೆ. ಮೂರು ಕೂಗು ಕೂಗಿತು. ಆಮೇಲೆ ಒಂದು. ಆಮೇಲೆ ಇನ್ನೊಂದು.

ನಾನು ಎಣಿಸಿದೆ. ಎಣಿಸುವುದರಲ್ಲಿ ನನಗೆ ಖುಷಿಯಿತ್ತು. ನಾಲ್ಕನೆಯದಕ್ಕೆ ನಗು ಬಂತು, ಮಹಾರಾಣಿ ಫೋನಿನಲ್ಲಿ ಹರಟುತ್ತಾ ಮರೆತಿದ್ದಾಳೆ ಎಂದುಕೊಂಡೆ. ಏಳನೆಯದಕ್ಕೆ ಸಿಟ್ಟು ಬಂತು, ಬೇಕೆಂದೇ ನನ್ನ ತಲೆ ತಿನ್ನುತ್ತಿದ್ದಾಳೆ ಅನ್ನಿಸಿತು. ಹತ್ತಾದ ಮೇಲೆ, ಕಲ್ಲಾಗಲಿ ಅವಳ ಮಿಠಾಯಿ ಎಂದು ಹಾರೈಸಿದೆ. ಕುರ್ಚಿಯಿಂದ ಏಳಲಿಲ್ಲ. ಹದಿನಾಲ್ಕನೆಯ ಕೂಗಿಗೆ ಭಾವನವರು ಹೊರಗಿನಿಂದ ಬಂದರು. ಅವರು ಅಕ್ಕನ ಹೆಸರು ಹಿಡಿದು ಕಿರುಚಿದ್ದು ಕೇಳಿದ ಮೇಲೆ ನಾನು ಎದ್ದದ್ದು.

ಅಕ್ಕ ಅಡುಗೆಮನೆಯ ನೆಲದ ಮೇಲೆ ಬಿದ್ದಿದ್ದಳು, ಎದೆ ನಿಂತುಹೋಗಿತ್ತು. ಡಾಕ್ಟರು ಭಾವನವರ ಬೆನ್ನು ತಟ್ಟಿ, ಒಂದು ಕ್ಷಣದಲ್ಲಿ ಹೋಗಿರುತ್ತದೆ, ಪಕ್ಕದಲ್ಲಿದ್ದರೂ ಏನೂ ಮಾಡಲಾಗುತ್ತಿರಲಿಲ್ಲ ಎಂದರು. ಅದು ವೈದ್ಯವೋ ಸಮಾಧಾನವೋ ನಾನು ಕೇಳಲಿಲ್ಲ. ನಿದ್ದೆ ಹತ್ತಿತ್ತು, ಏನೂ ಕೇಳಿಸಲಿಲ್ಲ ಎಂದೆ. ಹೆಡ್‌ಫೋನ್ ಹಾಕಿಕೊಂಡಿದ್ದೆ ಎಂದಳು ಅಳಿಲು. ಎಲ್ಲರೂ ನಂಬಿದರು.

ಅದಾದ ಮೇಲೆ ಎರಡು ತಿಂಗಳು ಅಳಿಲು ನನ್ನ ಪಕ್ಕದಲ್ಲೇ ಮಲಗಿದಳು. ಹತ್ತೊಂಬತ್ತು ವರ್ಷದ ಹುಡುಗಿ, ನನ್ನ ಸೆರಗಿನ ತುದಿ ಮುಷ್ಟಿಯಲ್ಲಿ ಹಿಡಿದು ನಿದ್ದೆ ಮಾಡುವಳು. ನಾನು ಕಲಸಿ ಕೈಗಿಟ್ಟರೆ ಮಾತ್ರ ಊಟ. "ನೀನು ಎಲ್ಲಿಗೂ ಹೋಗ್ಬೇಡ ಚಿಕ್ಕಮ್ಮ" ಎನ್ನುವಳು. ಸತ್ಯ ಹೇಳುತ್ತೇನೆ, ನನಗೆ ಅದರಲ್ಲಿ ಸುಖವಿತ್ತು. ನನಗೆ ಮಕ್ಕಳಿಲ್ಲ, ಇನ್ನು ಆಗುವುದೂ ಇಲ್ಲ. ಅಕ್ಕನ ಜಾಗದಲ್ಲಿ ಕೂತು ಅಕ್ಕನ ಮಗಳ ತಲೆ ಬಾಚುತ್ತಿದ್ದೆ, ಒಳಗೆ ಹದಿನಾಲ್ಕು ಕೂಗು ಇಟ್ಟುಕೊಂಡು. ಇವಳಿಗೆ ಗೊತ್ತಾದರೆ ಇವಳೂ ಹೋಗುತ್ತಾಳೆ ಎಂಬ ಭಯ ನನ್ನನ್ನು ಒಂದು ಗಳಿಗೆ ಬಿಡಲಿಲ್ಲ. ಆಮೇಲೆ ಅವಳು ನರ್ಸಿಂಗ್ ಸೇರಿ ಹಾಸ್ಟೆಲಿಗೆ ಹೋದಳು. ಅಮ್ಮನಿಗಾಗಿ ಓದುತ್ತೇನೆ ಎಂದಳು.

ಮೈಕ್ರೋವೇವಿನ ತಂತಿ ಕಿತ್ತು, ಮೇಲೆ ಒಂದು ಹಳೆಯ ಮೇಜುಬಟ್ಟೆ ಹೊದಿಸಿಟ್ಟಿದ್ದೆವು. ತಂತಿ ಕಿತ್ತ ಯಂತ್ರ ಕೂಗುವುದಿಲ್ಲ, ಅಷ್ಟು ನನಗೂ ಗೊತ್ತು. ಆದರೂ ನಾಲ್ಕೂಕಾಲು ಆಗುತ್ತಿದ್ದಂತೆ ಕೂಗುತ್ತಿತ್ತು. ಮೊದಮೊದಲು ಕಿವಿ ಮುಚ್ಚಿಕೊಂಡೆ. ಕಿವಿ ಮುಚ್ಚಿದರೆ ಇನ್ನೂ ಹತ್ತಿರದಿಂದ ಕೇಳಿಸಿತು. ಎದ್ದು ಹೋಗಿ ಬಟ್ಟೆ ಸರಿಸಿ ಆ ಖಾಲಿ ಪೆಟ್ಟಿಗೆಯ ಬಾಗಿಲು ತೆಗೆದರೆ ಮಾತ್ರ ನಿಲ್ಲುತ್ತಿತ್ತು. ಒಳಗಿನಿಂದ ಕೆಂಪಗಾದ ಸಕ್ಕರೆಯ ವಾಸನೆ ಬರುತ್ತಿತ್ತು. ಪಕ್ಕದಲ್ಲಿ ಯಾರೋ ಸೊಂಟಕ್ಕೆ ಕೈಯಿಟ್ಟು, ಈಗ ಬಂದೆಯಾ ಎಂದು ನಿಂತ ಹಾಗೆ ಆಗುತ್ತಿತ್ತು. ನಾನು ತಿರುಗಿ ನೋಡುತ್ತಿರಲಿಲ್ಲ. ಬದುಕಿದ್ದಾಗಲೂ ನೋಡಿದವಳಲ್ಲವಲ್ಲ.

ಲ್ಯಾಬಿನಲ್ಲೂ ಇದೇ ಪಾಡು. ಹಲ್ಲು ಸುಡುವ ಕುಲುಮೆ ಹೊತ್ತು ಮುಗಿದಾಗ ಒಂದು ಸಲ ಕೂಗುತ್ತದೆ. ಅದು ಕೂಗಿದರೆ ಸಾಕು, ಕೈಗವಸು ಹಾಕಿಕೊಳ್ಳದೆ ಓಡುತ್ತಿದ್ದೆ. ಎರಡು ಸಲ ಬೆರಳು ಸುಟ್ಟುಕೊಂಡೆ. "ಅವು ಹಲ್ಲು ಕಣಮ್ಮ, ಎದ್ದು ಓಡಿಹೋಗಲ್ಲ" ಎಂದರು ಲ್ಯಾಬಿನ ಯಜಮಾನರು.

ವರ್ಷ ತುಂಬಲು ಇನ್ನು ಹತ್ತು ದಿನವಿದೆ ಎನ್ನುವಾಗ ಹಾಸ್ಟೆಲಿನವರು ಭಾವನವರಿಗೆ ಫೋನ್ ಮಾಡಿದರು. ಹುಡುಗಿ ಮೂರು ವಾರದಿಂದ ನಿದ್ದೆ ಮಾಡುತ್ತಿಲ್ಲ, ಊಟ ಮುಟ್ಟುತ್ತಿಲ್ಲ, ಪರೀಕ್ಷೆಗೆ ಕೂರುವುದಿಲ್ಲ ಎನ್ನುತ್ತಾಳೆ, ಒಬ್ಬಳನ್ನೇ ಬಿಡಲು ನಮಗೆ ಭಯವಾಗುತ್ತಿದೆ ಎಂದರು. ಭಾವನವರು ಹೋಗಿ ಕರೆತಂದರು. ಕತ್ತಿನ ಮೂಳೆ ಎದ್ದು ಕಾಣುತ್ತಿತ್ತು, ಕಣ್ಣಿನ ಸುತ್ತ ಮಸಿ ಬಳಿದ ಹಾಗಿತ್ತು. ಮಾರನೆಯ ದಿನ ಮಧ್ಯಾಹ್ನ, ಭಾವನವರು ಡಾಕ್ಟರನ್ನು ಕಂಡು ಬರಲು ಹೋಗಿದ್ದಾಗ, ಅವಳು ಅಡುಗೆಮನೆಗೆ ಬಂದು ನನ್ನ ಪಕ್ಕದಲ್ಲಿ ನಿಂತಳು.

"ಚಿಕ್ಕಮ್ಮ, ಅಮ್ಮನ ಮಿಠಾಯಿ ಮಾಡೋಣ."

"ಇವತ್ತೇನು ಬಂತು ನಿಂಗೆ?"

"ಮಾಡ್ಬೇಕು ಅಷ್ಟೆ. ನಿಂಗೆ ಬರುತ್ತಲ್ವಾ?"

"ಮೂರು ವರ್ಷ ಕದ್ದು ನೋಡಿದ್ದೀನಿ, ಬರದೇ ಏನು," ಎಂದೆ. ಏನಾದರೂ ತಿಂದಾಳು ಎಂಬ ಆಸೆ.

ಮೇಜುಬಟ್ಟೆ ತೆಗೆದು ತಂತಿ ಸಿಕ್ಕಿಸಿದವಳು ಅವಳೇ. ಗಾಜಿನ ಹಿಂದೆ ಹಸಿರು ಸೊನ್ನೆಗಳು ಮಿಣುಕಿದವು. ನಾನು ಸಕ್ಕರೆ ಅಳೆದೆ, ಅವಳು ಸಿರಪ್ಪು ಹಾಕಿದಳು. ಬಾಟಲಿಯ ಬಾಯಲ್ಲಿ ಉಳಿದದ್ದನ್ನು ತೋರುಬೆರಳಲ್ಲಿ ಬಳಿದು ಬಟ್ಟಲಿನ ಅಂಚಿಗೆ ಒರೆಸಿದಳು. ಥೇಟ್ ಅಕ್ಕನ ಬೆರಳು, ಉಗುರು ಕೂಡ ಅದೇ ಚಪ್ಪಟೆ ಉಗುರು. ಅದನ್ನೇ ನೋಡುತ್ತಾ ಬೀಜಗಳನ್ನು ಕಟ್ಟೆಯ ಮೇಲೆ ಚೆಲ್ಲಿಬಿಟ್ಟೆ. ಅರ್ಧ ಉರಿ, ಹನ್ನೆರಡು ನಿಮಿಷ. ಬಟ್ಟಲು ಒಳಗೆ ತಿರುಗತೊಡಗಿತು. ಅವಳು ಸೊಂಟಕ್ಕೆ ಕೈಯಿಟ್ಟು ಬಗ್ಗಿ ನೋಡುತ್ತಾ ನಿಂತಳು.

ನಾನು ತಟ್ಟೆಗೆ ಬೆಣ್ಣೆ ಸವರಿದೆ. ಅವಳು ಮುಖ ತಿರುಗಿಸದೆ ಮಾತಾಡಿದಳು.

"ಹೋದ ತಿಂಗಳು ಕ್ಲಾಸಲ್ಲಿ ಹೇಳಿಕೊಟ್ರು. ಎದೆ ನಿಂತ ಮೇಲೆ ಒಂದೊಂದು ನಿಮಿಷ ತಡವಾದ್ರೂ ಬದುಕೋದು ಹತ್ತರಲ್ಲಿ ಒಂದು ಪಾಲು ಕಮ್ಮಿ ಆಗುತ್ತಂತೆ. ಹತ್ತು ನಿಮಿಷ ಆದ್ರೆ ಮುಗೀತು. ಅಷ್ಟರೊಳಗೆ ಯಾರಾದ್ರೂ ಎದೆ ಒತ್ತಿದ್ರೆ ಬದುಕಬಹುದು. ಬೊಂಬೆ ಮೇಲೆ ಮಾಡ್ಸಿದ್ರು. ನಾನು ಚೆನ್ನಾಗಿ ಒತ್ತುತೀನಿ ಚಿಕ್ಕಮ್ಮ. ಕ್ಲಾಸಿಗೇ ಫಸ್ಟು."

ನಾನು ಬೆಣ್ಣೆ ಸವರಿದ ತಟ್ಟೆಗೇ ಮತ್ತೆ ಬೆಣ್ಣೆ ಸವರಿದೆ. ಇವಳಿಗೆ ಗೊತ್ತಾಗಿದೆ, ನನ್ನನ್ನು ಹಿಡಿಯಲೆಂದೇ ಬಂದಿದ್ದಾಳೆ ಅನ್ನಿಸಿತು.

ಮೂರು ಕೂಗು ಕೂಗಿತು. ನಾನು ಕೈ ಚಾಚಿದೆ. ಅವಳು ಬಾಗಿಲಿಗೆ ಅಡ್ಡ ನಿಂತಳು.

"ತೆಗೀಬೇಡ. ಕೂಗ್ಲಿ."

"ಕಲ್ಲಾಗುತ್ತೆ ಅಳಿಲು."

"ಆಗ್ಲಿ."

ನಿಮಿಷ ಕಳೆಯಿತು. "ಒಂದು" ಎಂದಳು ಅವಳು. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡುತ್ತಾ ನಿಂತೆವು. "ಎರಡು" ಎಂದಳು. ಎರಡಕ್ಕೂ ಮೂರಕ್ಕೂ ನಡುವಿನ ಆ ನಿಮಿಷದಷ್ಟು ಉದ್ದದ ಹೊತ್ತನ್ನು ನಾನು ಕಂಡಿಲ್ಲ. ಅಡುಗೆಮನೆಯಲ್ಲಿ ಮೂರು ಜನ ಉಸಿರಾಡುತ್ತಿದ್ದೆವು, ನಾನು ಲೆಕ್ಕ ತಪ್ಪಿಲ್ಲ. ಇನ್ನು ತಡೆಯಲಾರೆ, ಹೇಳಿಬಿಡುತ್ತೇನೆ ಎಂದು ಬಾಯಿ ತೆರೆದೆ.

"ಅಳಿಲು, ಆವತ್ತು ನಾನು..."

"ನಂಗೆ ಕೇಳಿಸ್ತಿತ್ತು ಚಿಕ್ಕಮ್ಮ." ಅವಳ ದನಿ ಒಡೆಯಿತು. "ಹೆಡ್‌ಫೋನ್ ಅಂತ ಹೇಳಿದ್ದು ಸುಳ್ಳು. ಮೊದಲು ಹಾಕಿರ್ಲಿಲ್ಲ. ಹನ್ನೊಂದು ಸಲ ಕೂಗಿದ್ದು ಎಣಿಸ್ದೆ. ನೀನು ಎದ್ದೇ ಇದ್ದೀಯ, ಬೇಕಂತಲೇ ತೆಗೀತಿಲ್ಲ, ಅಮ್ಮ ಕೂಡ ಬೇಕಂತಲೇ ತೆಗೀತಿಲ್ಲ, ಇವರಿಬ್ಬರ ಹಟ ಯಾವತ್ತೂ ಮುಗಿಯಲ್ಲ ಅಂತ ಸಿಟ್ಟು ಬಂತು. ಹನ್ನೊಂದಕ್ಕೆ ಹೆಡ್‌ಫೋನ್ ಹಾಕ್ಕೊಂಡೆ. ನೀನು ಪಾಪ ನಿದ್ದೆಯಲ್ಲಿದ್ದೆ. ನಿನ್ನನ್ನ ಎಷ್ಟು ಕೆಟ್ಟದಾಗಿ ಅಂದ್ಕೊಂಡೆ. ಹದಿನಾರು ಮೆಟ್ಟಿಲು ಚಿಕ್ಕಮ್ಮ. ಇಳಿದು ಬಂದಿದ್ರೆ ಆಗ್ತಿತ್ತು. ಆ ಹನ್ನೊಂದು ನಿಮಿಷದಲ್ಲಿ ಯಾವಾಗ ಬಿದ್ದಳೋ ಏನೋ. ಒಂದೊಂದಕ್ಕೂ ಒಂದೊಂದು ಪಾಲು. ನಾನೇ ಕೊಂದೆ."

ಮೂರನೆಯ ಸಲ ಕೂಗಿತು. ಅವಳಿಗೆ ಎಣಿಸುವ ಶಕ್ತಿ ಇರಲಿಲ್ಲ. ಕಟ್ಟೆ ಹಿಡಿದು ಕುಸಿದು ಕೂತಳು.

ನಾನು ಸತ್ಯ ಹೇಳಬಹುದಿತ್ತು. ನಾನೂ ಎಚ್ಚರವಾಗಿದ್ದೆ ಮಗಳೇ, ನಿನ್ನ ಸಿಟ್ಟು ನಿಜವಾದದ್ದೇ, ನನ್ನ ಲೆಕ್ಕ ಹದಿನಾಲ್ಕು ಎನ್ನಬಹುದಿತ್ತು. ನನಗೆ ಹಗುರಾಗುತ್ತಿತ್ತು. ಇಬ್ಬರೂ ತಬ್ಬಿಕೊಂಡು ಅಳುತ್ತಿದ್ದೆವು. ಆದರೆ ಅವಳ ಹನ್ನೊಂದು ಹನ್ನೊಂದಾಗಿಯೇ ಉಳಿಯುತ್ತಿತ್ತು. ನನ್ನದನ್ನು ಕೂಡಿಸಿದರೆ ಅವಳದು ಕಮ್ಮಿಯಾಗುವುದಿಲ್ಲ. ಆ ಕತ್ತಿನ ಮೂಳೆ ನೋಡಿದೆ. ಇದನ್ನು ಹೊತ್ತು ಇವಳು ಇನ್ನೊಂದು ತಿಂಗಳು ನಡೆಯಲಾರಳು ಎನ್ನುವುದು ನನಗೆ ಕಣ್ಣಿಗೆ ಕಟ್ಟಿದಷ್ಟು ಸ್ಪಷ್ಟವಾಗಿತ್ತು.

"ನಾನು ನಿದ್ದೆ ಮಾಡ್ತಿರ್ಲಿಲ್ಲ," ಎಂದೆ. "ನೀರು ತಗೊಳ್ಳೋಕೆ ಅಡುಗೆಮನೆಗೆ ಬಂದಿದ್ದೆ. ಕೂಗೋಕೆ ಮುಂಚೆ. ಇದು ಇನ್ನೂ ತಿರುಗ್ತಿತ್ತು. ಅಕ್ಕ ಇಲ್ಲೇ ಬಿದ್ದಿದ್ದಳು."

ಅವಳು ತಲೆಯೆತ್ತಿದಳು. "ನೀನು ನೋಡಿದ್ಯಾ?"

"ನೋಡ್ದೆ. ಮೂಗಿನ ಹತ್ರ ಕೈ ಹಿಡಿದೆ. ಉಸಿರು ಇರ್ಲಿಲ್ಲ. ತುಟಿ ನೀಲಿಯಾಗಿತ್ತು."

"ಎಷ್ಟು ನಿಮಿಷ ಬಾಕಿ ತೋರಿಸ್ತಿತ್ತು?"

ಸುಳ್ಳು ಹೇಳುವವರು ಅಂಕಿಗಳಲ್ಲಿ ಬಲು ಖಚಿತ. "ಹತ್ತು ನಿಮಿಷ, ನಾಲ್ಕು ಸೆಕೆಂಡು," ಎಂದೆ.

ಅವಳ ತುಟಿಗಳು ಅಲ್ಲಾಡಿದವು. ಲೆಕ್ಕ ಹಾಕುತ್ತಿದ್ದಳು. ಮೊದಲ ಕೂಗಿಗೆ ಮುಂಚೆಯೇ ಹತ್ತು ನಿಮಿಷ. ಹತ್ತಕ್ಕೆ ಹತ್ತು ಪಾಲೂ ಹೋಯಿತು. ಯಂತ್ರ ಕೂಗಲು ಶುರುಮಾಡುವ ಹೊತ್ತಿಗೆ ಮೆಟ್ಟಿಲು ಇಳಿದು ಬಂದವರು ಯಾರೇ ಆದರೂ ಮಾಡುವುದಕ್ಕೆ ಏನೂ ಉಳಿದಿರಲಿಲ್ಲ. ಲೆಕ್ಕ ಮುಗಿದದ್ದು ಅವಳ ಮುಖದಲ್ಲೇ ಕಂಡಿತು. ಭುಜ ಇಳಿಯಿತು. ಒಂದು ದೊಡ್ಡ ಉಸಿರು ಒಳಗೆ ಹೋಯಿತು, ಎಷ್ಟೋ ವಾರಗಳ ಮೇಲೆ ಹೋದ ಹಾಗೆ. ಆಮೇಲೆ ಅವಳು ನನ್ನನ್ನು ನೋಡಿದಳು.

"ಮತ್ತೆ ಯಾಕೆ ಕರೀಲಿಲ್ಲ? ನಾನು ಮೇಲೇ ಇದ್ದೆ. ಯಾರನ್ನೂ ಯಾಕೆ ಕರೀಲಿಲ್ಲ?"

ಹೆದರಿದೆ ಎನ್ನಬಹುದಿತ್ತು. ಹೆದರಿದೆ ಎಂದರೆ ಅವಳು ಕ್ಷಮಿಸಿಬಿಡುತ್ತಿದ್ದಳು, ಅಷ್ಟು ಒಳ್ಳೆಯ ಹುಡುಗಿ. ಕ್ಷಮಿಸಿದವಳು ನನ್ನ ಜೊತೆಗೇ ಇರುತ್ತಾಳೆ, ಮತ್ತೆ ಮತ್ತೆ ಕೇಳುತ್ತಾಳೆ. ನಾಲ್ಕನೆಯ ಸಲ ಕೇಳುವಷ್ಟರಲ್ಲಿ ನನ್ನ ಸುಳ್ಳು ಬಿಚ್ಚಿಕೊಂಡು ಅವಳ ಹನ್ನೊಂದು ಅವಳ ತಲೆಯ ಮೇಲೇ ಬೀಳುತ್ತದೆ.

"ಕರೀಬೇಕು ಅನ್ನಿಸ್ಲಿಲ್ಲ," ಎಂದೆ. ನಿದ್ದೆಯಲ್ಲಿರಲಿಲ್ಲ ಎಂದದ್ದು ಬಿಟ್ಟರೆ, ಹೇಳಿದ್ದರಲ್ಲಿ ಅದೊಂದು ಮಾತು ನಿಜ.

"ನೆಲದ ಮೇಲೆ ಬಿಟ್ಟು ಹೋದ್ಯಾ? ಅಮ್ಮನ್ನ?"

"ಹೋಗಿ ಬಾಗಿಲು ಹಾಕ್ಕೊಂಡೆ."

ನಾಲ್ಕನೆಯ ಸಲ ಕೂಗಿತು. ಅವಳು ಎದ್ದು ಬಾಗಿಲನ್ನು ರಪ್ಪನೆ ತೆಗೆದಳು. ಕೆಂಪಗಾದ ಸಕ್ಕರೆಯ ಬಿಸಿ ಹಬೆ ನಮ್ಮಿಬ್ಬರ ನಡುವೆ ಬಂತು. ಬಟ್ಟಲಿನ ತಳದಲ್ಲಿ ಬೀಜಗಳು ಗಟ್ಟಿಯಾಗತೊಡಗಿದ ಪಾಕದಲ್ಲಿ ಹುದುಗಿದ್ದವು. ಅವಳು ನನ್ನನ್ನು ಬೈಯುತ್ತಾಳೆ, ಹೊಡೆಯುತ್ತಾಳೆ ಎಂದು ಕಾದೆ. ಅದೇನೂ ಮಾಡಲಿಲ್ಲ. ನನ್ನ ಸೀರೆ ತಾಗದ ಹಾಗೆ ಗೋಡೆಗೆ ಒತ್ತಿಕೊಂಡು ಆಚೆ ಹೋದಳು. ಭಾವನವರು ಬರುವಷ್ಟರಲ್ಲಿ ಚೀಲ ಕಟ್ಟಿ ಹೊಸ್ತಿಲ ಹೊರಗೆ ಕೂತಿದ್ದಳು. ಪರೀಕ್ಷೆ ಇದೆ, ಹಾಸ್ಟೆಲಿಗೆ ಬಿಟ್ಟು ಬಾ ಎಂದಳಂತೆ. ನನ್ನ ಬಗ್ಗೆ ಅವರಿಗೆ ಏನನ್ನೂ ಹೇಳಲಿಲ್ಲ. ಅಪ್ಪನಿಗೆ ಮನೆಯೊಂದು ಉಳಿಯಲಿ ಎಂದಿರಬೇಕು.

ಬಟ್ಟಲನ್ನು ಎರಡು ದಿನ ಬಿಸಿನೀರಿನಲ್ಲಿ ನೆನೆಹಾಕಿ ಕೆರೆದೆ.

ಐದು ತಿಂಗಳಾಯಿತು. ಅವಳು ಪಾಸಾದಳು. ನಾನು ಲ್ಯಾಬಿನಲ್ಲಿರುವ ಹೊತ್ತು ನೋಡಿ ಬಂದು ಅಪ್ಪನನ್ನು ಕಂಡು ಹೋಗುತ್ತಾಳೆ. ನನ್ನ ಫೋನ್ ಎತ್ತುವುದಿಲ್ಲ. ಮೊನ್ನೆ ಭಾವನವರು ಊಟ ಮಾಡುತ್ತಾ, "ನಿಮ್ಮಿಬ್ರಿಗೆ ಏನಾಯ್ತಮ್ಮ? ಒಬ್ರಾದ ಮೇಲೆ ಒಬ್ರು ಮಾತು ಬಿಡೋದೇ ಆಯ್ತು ಈ ಮನೇಲಿ" ಎಂದರು. ನಾನು ಇನ್ನೊಂದು ಚಮಚ ಬಡಿಸಿದೆ. ಅವರೇ ಮುಂದುವರಿಸಿದರು. "ಏನಾದ್ರಾಗ್ಲಿ, ಹುಡುಗಿ ಈಗ ಚೆನ್ನಾಗಿ ನಿದ್ದೆ ಮಾಡ್ತಾಳಂತೆ. ರಜಾ ಬಂದ್ರೆ ಬೆಳಗ್ಗೆ ಹತ್ತಾದ್ರೂ ಏಳಲ್ಲ, ಎಬ್ಬಿಸಿ ಸಾಕಾಯ್ತು ಅಂತ ಹಾಸ್ಟೆಲಿನವರು ನಗ್ತಿದ್ರು."

ಅವರು ಕೈ ತೊಳೆದು ಹೊರಗೆ ಹೋದರು. ನಾನು ಎಂಜಲು ತಟ್ಟೆ ಹಿಡಿದು ಅಡುಗೆಮನೆಗೆ ಬಂದೆ. ಅಕ್ಕ ಯಾವತ್ತೂ ನಿಲ್ಲುವ ಕಡೆಯೇ ನಿಂತಿದ್ದಳು. ಮೊದಲ ಸಲ ನಾನು ಅತ್ತ ತಿರುಗಿದೆ.

"ನಿದ್ದೆ ಮಾಡ್ತಾಳಂತೆ ಅಕ್ಕ," ಎಂದೆ.

ಕೇಳಿಸಲಿಲ್ಲವೇನೋ ಎಂದು ಇನ್ನೊಂದು ಸಲ, ಸ್ವಲ್ಪ ಜೋರಾಗಿ ಹೇಳಿದೆ.